ಧಾರೆಯ ಫೋಟೊದಲ್ಲಿ ಹಾಯಿಹಡಗು

ಕಳೆದ ತಿಂಗಳು ಪಾಂಡವಪುರದ ನನ್ನ ಮನೆಯಲ್ಲಿ ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಅವ್ವನ ಕಾಲದ ಒಂದು ಕಪ್ಪು ಫಿಲ್ಮ್ ಡಬ್ಬಿ ಸಿಕ್ಕಿತು. ಕ್ಯಾಮೆರಾದ ರೀಲು ತುಂಬಿ ಬರುತ್ತಿದ್ದ ಈ ಡಬ್ಬಿಗಳನ್ನು ಆಗ ಹೆಂಗಸರು ಸ್ಟುಡಿಯೋದಿಂದ ಕೇಳಿ ತಂದು ಲವಂಗ, ಹಿಂಗು ಇಟ್ಟುಕೊಳ್ಳುತ್ತಿದ್ದರು. ಮುಚ್ಚಳ ತೆಗೆದೆ. ಒಳಗಿದ್ದ ನಾಲ್ಕು ಲವಂಗದ ವಾಸನೆ ಎಂದೋ ಸತ್ತುಹೋಗಿತ್ತು, ರೀಲಿನ ವಾಸನೆ ಮಾತ್ರ ಹಾಗೇ ಇತ್ತು... ಒರೆಸುವುದನ್ನು ಬಿಟ್ಟು ಅಲ್ಲೇ ಕೂತೆ.

ಆ ಡಬ್ಬಿ ಕೊಟ್ಟವರು ಗಂಜಾಂನಲ್ಲಿ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದವರು. ಶ್ರೀರಂಗಪಟ್ಟಣದ ಪೇಟೆಯಲ್ಲಿ ಅವರದೊಂದು ಸ್ಟುಡಿಯೋ. ನಮಗೆಲ್ಲ ಸ್ಟುಡಿಯೋ ಮಾವ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊಗಳೆಲ್ಲ ಅವರ ಹೊಟ್ಟೆಪಾಡಿಗೆ. ಜೀವ ಇದ್ದದ್ದು ಬಂದರುಗಳಲ್ಲಿ. ಆಷಾಢ ಬಂದರೆ ನಮ್ಮ ಕಡೆ ಮದುವೆ ಇಲ್ಲ, ಫೋಟೊ ತೆಗೆಯುವವರಿಗೆ ಕೆಲಸವಿಲ್ಲ. ಅದೇ ಮಳೆಗಾಲದಲ್ಲಿ ಕರಾವಳಿಯವರು ಕಡಲಿಗೆ ಇಳಿಯುವಂತಿಲ್ಲ, ದೋಣಿಗಳೆಲ್ಲ ದಡದಲ್ಲಿ ಬೋರಲು ಬಿದ್ದಿರುತ್ತವೆ. ಈ ಎರಡೂ ಬಿಡುವು ಒಟ್ಟಿಗೆ ಬಂದಿರುವುದು ತಮಗಾಗಿಯೇ ಎಂದು ಮಾವ ನಂಬಿದ್ದರು. ಕ್ಯಾಮೆರಾವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಮಂಗಳೂರಿನ ಹಳೆ ಬಂದರು, ಮಲ್ಪೆ, ಹೊನ್ನಾವರ ಎಂದು ಬಸ್ಸು ಹತ್ತಿಬಿಡುತ್ತಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದ ಹಾಗಾಯ್ತು, ಸುತ್ತ ಕಾವೇರಿ ಇದ್ದರೂ ಇವನಿಗೆ ನೀರು ಸಾಲದು ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು.

ಮಾವ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪ್ರತಿ ಫೋಟೊದ ಬೆನ್ನಿಗೆ ಪೆನ್ಸಿಲಿನಲ್ಲಿ ಆ ದೋಣಿ ಯಾವ ಮರದ್ದು, ಕಟ್ಟಿದವರು ಯಾರು, ಏನು ಹೇರಿಕೊಂಡು ಎಲ್ಲಿಗೆ ಹೋಗುತ್ತಿತ್ತು ಎಂದೆಲ್ಲ ಬರೆದಿಡುತ್ತಿದ್ದರು. ಆಗಿನ್ನೂ ಕಾಲೇಜು ಹುಡುಗಿಯಾಗಿದ್ದ ನಾನೂ ಒಮ್ಮೆ ನಕ್ಕಿದ್ದೆ.

"ನಗಾಡು ಮಗ, ನಗಾಡು. ಸೇತುವೆ ಆದ್ಮೇಲೆ ನಮ್ಮೂರ ಅರಿಗೋಲು ಏನಾಯ್ತು? ಅಂಗೇ ಅವೂ ಓಯ್ತವೆ. ಆಮೇಲೆ ಇಂಗಿತ್ತು ಅಂತ ತೋರ್ಸಕ್ಕೆ ಏನಿರ್ತದೆ?" ಎಂದಿದ್ದರು.

ಆ ವರ್ಷ ಅವರು ಹೋದದ್ದು ಒಂದು ಮಂಜಿಯನ್ನು ಹುಡುಕಿಕೊಂಡು. ಹೆಂಚು, ಅಕ್ಕಿ ತುಂಬಿಕೊಂಡು ದ್ವೀಪಗಳಿಗೆ ಹೋಗುತ್ತಿದ್ದ ಮರದ ಹಾಯಿಹಡಗಿಗೆ ಅಲ್ಲಿ ಮಂಜಿ ಎನ್ನುತ್ತಾರಂತೆ. ಮಾವನಿಗೆ ಗೊತ್ತಿದ್ದ ಮಂಜಿಗಳಲ್ಲಿ ಉಳಿದದ್ದು ಅದೊಂದೇ, ಅದನ್ನೂ ಒಡೆಯುತ್ತಾರೆಂದು ಸುದ್ದಿ ಬಂದಿತ್ತು. ಶ್ರಾವಣದ ಮೊದಲ ಲಗ್ನದಲ್ಲಿ ನಮ್ಮ ಅಕ್ಕನ ಮದುವೆ. ಹಿಂದಿನ ಸಂಜೆ ಮಾವ ನೆನೆದ ಕೋಳಿಯ ಹಾಗೆ ಬಸ್ಸಿಳಿದು, ಚೀಲ ಕೂಡ ಬಿಚ್ಚದೆ ನೇರ ಛತ್ರಕ್ಕೆ ಬಂದರು.

ಅವರದೊಂದು ಪದ್ಧತಿ ಇತ್ತು. ಮುಗಿದ ರೀಲನ್ನು ಹಿಂದಕ್ಕೆ ಸುತ್ತುವಾಗ ಅದರ ತುದಿಯನ್ನು ಪೂರ್ತಿ ಒಳಗೆ ಬಿಡುತ್ತಿರಲಿಲ್ಲ. ತೊಳೆಯುವಾಗ ಎಳೆದುಕೊಳ್ಳಲು ಸಲೀಸು ಎಂದು ನಾಲಿಗೆಯಷ್ಟು ಹೊರಗೇ ಬಿಡುತ್ತಿದ್ದರು. ಮುಗಿದದ್ದಕ್ಕೆ ಗುರುತೆಂದು ಆ ತುದಿಯ ಮೂಲೆ ಮಡಚುತ್ತಿದ್ದರು. ಮಂಜಿಯ ರೀಲಿಗೆ ಮಾತ್ರ ಮಡಚಲು ಮರೆತರು. ಧಾರೆಯ ಹೊತ್ತಿಗೆ ಅದೇ ರೀಲನ್ನು ಹೊಸದೆಂದು ಕ್ಯಾಮೆರಾಗೆ ಹಾಕಿದರು.

ನಾಲ್ಕನೆಯ ದಿನ ಫೋಟೊ ತರಲು ಹೋದರೆ ಮಾವ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ದಾರದ ಮೇಲೆ ಒದ್ದೆ ಫೋಟೊಗಳು, ಎರಡು ಸಲ ತೆಗೆದದ್ದು ಒಂದರ ಮೇಲೊಂದು ಮೂಡಿತ್ತು. ತಾಳಿ ಕಟ್ಟುವ ಭಾವನ ಮೇಲೆ, ತಲೆ ಬಗ್ಗಿಸಿದ ಅಕ್ಕನ ಮೇಲೆ, ಮಗುಚಿದ ದೋಣಿಗಳು. ಒಂದರಲ್ಲಿ ಮಾತ್ರ ಅಪ್ಪ ಧಾರೆ ಎರೆಯುತ್ತಿದ್ದರು, ಅವರ ಬೆನ್ನ ಹಿಂದೆ ಆ ಮಂಜಿ, ಚಪ್ಪರದೊಳಗೇ ಬಂದು ನಿಂತ ಹಾಗೆ... ಅಪ್ಪ ಫೋಟೊಗೆ ನಿಲ್ಲುವ ಆಸಾಮಿಯೇ ಅಲ್ಲ. ಇಡೀ ಮದುವೆಯಲ್ಲಿ ಅವರು ಸಿಕ್ಕಿದ್ದು ಈ ರೀಲಿನಲ್ಲಿ ಮಾತ್ರ.

ನಾನು ಸ್ಟುಡಿಯೋ ಬಾಗಿಲು ಮುಂದಕ್ಕೆ ಎಳೆದೆ. ಅಕ್ಕನ ಅತ್ತೆ ನಾಗಮಂಗಲ ಕಡೆಯವರು, ಶಕುನವೆಂದರೆ ಪ್ರಾಣ. ಹೆಣ್ಣು ನೋಡಲು ಹೊರಟಾಗ ಎದುರಿಗೆ ಎಣ್ಣೆ ಕೊಡ ಬಂತೆಂದು ಅರ್ಧ ದಾರಿಯಿಂದ ಹಿಂದಿರುಗಿ, ಎರಡು ತಿಂಗಳು ನಮ್ಮನ್ನು ಕಾಯಿಸಿದವರು. ಸೊಸೆಯ ತಲೆಯ ಮೇಲೆ ಮಗುಚಿದ ದೋಣಿ ಕಂಡರೆ ಅವರು ಏನು ಮಾಡಿಯಾರು?

"ಇವ್ನ ಯಾರ್ಗೂ ತೋರಿಸ್ಬ್ಯಾಡ ಮಾವ. ಒಂದೂ ಉಳಿಸ್ಬ್ಯಾಡ," ಎಂದೆ.

ಮಾವ ಫೋಟೊಗಳನ್ನು ಇಳಿಸಿದರು. ಧಾರೆಯದ್ದನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತರು.

"ಇದೊಂದ ಇಟ್ಕೊಳ್ಳಲಾ ಮಗ? ನಾ ಬರೋ ದಿನ್ವೇ ಅದ ಒಡ್ದು ಸೌದೆ ಮಾಡ್ಬುಟ್ರು. ಇನ್ನೆಲ್ಲೂ ಸಿಕ್ಕಕ್ಕಿಲ್ಲ."

"ಯಾರ ಕೈಗಾದ್ರೂ ಸಿಕ್ರೆ ಅಕ್ಕನ ಬಾಳು ಏನಾಯ್ತದೆ, ಏಳು?"

ಅವರು ಮತ್ತೆ ಕೇಳಲಿಲ್ಲ. ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕತ್ತರಿ ತೆಗೆದುಕೊಂಡು ಫೋಟೊಗಳನ್ನೂ ನೆಗೆಟಿವ್ ಪಟ್ಟಿಯನ್ನೂ ಉಗುರಿನಷ್ಟು ಉಗುರಿನಷ್ಟು ಚೂರು ಮಾಡಿದರು. ನಾನು ಕಡೆಯ ಚೂರಿನವರೆಗೂ ಅಲ್ಲೇ ಕಾವಲು ನಿಂತಿದ್ದೆ. ಈಗ ನೆನೆದರೆ ಆ ನಿಂತದ್ದಕ್ಕೇ ನನ್ನ ಮೇಲೆ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಮಾರನೆಯ ದಿನ ಅವರೇ ನಾಗಮಂಗಲಕ್ಕೆ ಹೋಗಿ, ಕ್ಯಾಮೆರಾ ಬಾಗಿಲು ತೆಗೆದುಬಿಟ್ಟೆ, ಬೆಳಕು ಬಿದ್ದು ಧಾರೆ ರೀಲು ಹಾಳಾಯ್ತು, ತಪ್ಪು ನನ್ನದೇ ಎಂದು ಹೇಳಿ ಬಂದರು. "ಫೋಟೊ ಇಡಿಯಕ್ ಬರ್ದಿದ್ರೆ ಎಮ್ಮೆ ಕಾಯಕ್ ಓಗಯ್ಯ!" ಎಂದು ಅಕ್ಕನ ಅತ್ತೆ ಬೀದಿಗೆಲ್ಲ ಕೇಳುವಂತೆ ಬೈದರಂತೆ. ಬೈಗುಳ ಅಲ್ಲಿಗೇ ನಿಲ್ಲಲಿಲ್ಲ. ಧಾರೆಯನ್ನೇ ಹಾಳು ಮಾಡಿದವನನ್ನು ಯಾರು ತಾನೇ ಮದುವೆಗೆ ಕರೆದಾರು? ನನಗೆ ನಿಜ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಹಾಗಂತ ನೆಮ್ಮದಿಯಾಗಿಯೂ ಇರಲಿಲ್ಲ. ಅಕ್ಕ ತವರಿಗೆ ಬಂದಾಗಲೆಲ್ಲ ಮೊದಲು ಅವಳ ಮುಖ ನೋಡುತ್ತಿದ್ದೆ. ಮದುವೆಯಾದ ವರ್ಷದೊಳಗೆ ಅಪ್ಪ ಹೋದರು. ಅಕ್ಕನ ಮೊದಲ ಬಸಿರು ನಿಲ್ಲಲಿಲ್ಲ. ಅತ್ತೆಯ ಶಕುನಕ್ಕೆ ನಗುತ್ತಿದ್ದವಳು, ಕಾಲೇಜು ಓದಿದವಳು ನಾನು. ಆಗ ಕಣ್ಣು ಮುಚ್ಚಿದರೆ ಆ ಮಗುಚಿದ ದೋಣಿಗಳೇ ಬರುತ್ತಿದ್ದವು. ಆಮೇಲೆ ಅಕ್ಕನಿಗೆ ಎರಡು ಮಕ್ಕಳಾದವು, ಸಂಸಾರ ಚೆನ್ನಾಗಿಯೇ ನಡೆಯಿತು. ಫೋಟೊಗೂ ಬಾಳಿಗೂ ಏನೂ ಸಂಬಂಧವಿರಲಿಲ್ಲ.

ಮಾವ ಸ್ಟುಡಿಯೋ ಮುಚ್ಚಿ ಕೆ.ಆರ್. ಪೇಟೆಯ ಮಗಳ ಮನೆಗೆ ಹೋದರು. ಒಮ್ಮೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಆಷಾಢ ನಡೆಯುತ್ತಿತ್ತು, ಕೈಯಲ್ಲಿ ಸೊಪ್ಪಿನ ಚೀಲವಿತ್ತು, ಹೆಗಲಲ್ಲಿ ಕ್ಯಾಮೆರಾ ಇರಲಿಲ್ಲ. "ಅಕ್ಕ ಚೆಂದಾಗವ್ಳಾ ಮಗ?" ಎಂದು ಕೇಳಿದರು. ಹೂಂ ಎಂದೆ. ಇನ್ನೇನೋ ಹೇಳಬೇಕಿತ್ತು... ಅಷ್ಟರಲ್ಲಿ ನನ್ನ ಬಸ್ಸು ಬಂತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ.

ಡಬ್ಬಿ ಸಿಕ್ಕ ವಾರವೇ ಅಕ್ಕ ಫೋನು ಮಾಡಿದಳು. ಮಗನ ಮದುವೆಯ ಆಲ್ಬಮ್ಮಿನ ಮೊದಲ ಪುಟಕ್ಕೆ ಹುಡುಗನ ಅಪ್ಪ ಅಮ್ಮನ ಮದುವೆ ಫೋಟೊ ಹಾಕುವುದು ಈಗಿನ ರೂಢಿಯಂತೆ.

"ಧಾರೇದು ಒಂದಾದ್ರೂ ಎಲ್ಲಾದ್ರೂ ಉಳ್ದದೇನೇ? ಅಪ್ಪ ಇರೋದು?"

ಅತ್ತೆ ಹೋಗಿ ವರ್ಷಗಳೇ ಆಗಿದ್ದವು. ಇನ್ನು ಯಾರಿಗೆ ಹೆದರಬೇಕು ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ ಬೈಯುತ್ತಾಳೆಂದು ಕಾದೆ.

"ಅಪ್ಪನ ಮಕ ಕಾಣ್ತಿತ್ತಾ ಅದ್ರಲ್ಲಿ?"

"ಚೆನ್ನಾಗ್ ಕಾಣ್ತಿತ್ತು ಕಣಕ್ಕ. ನಿನ್ನೇ ನೋಡ್ತಿದ್ರು."

"ಅಂಗಾದ್ರೆ ದೋಣಿ ಇದ್ರೆ ಇರ್ಲಿ ಬುಡು ಅನ್ಬಾರ್ದಾಗಿತ್ತೇನೇ ನೀನು?"

ಅಪ್ಪನಿಲ್ಲದ ಮದುವೆ ಫೋಟೊ ಬೇಡವೆಂದು ಆಲ್ಬಮ್ಮಿನ ಮೊದಲ ಪುಟಕ್ಕೆ ಅಕ್ಕ ಗಂಜಾಂನ ನಿಮಿಷಾಂಬ ದೇವಿಯ ಪಟ ಹಾಕಿಸಿದ್ದಾಳೆ.