ಮೇಲಿನ ಹಲ್ಲು, ಎಡಗಣ್ಣು

೧೯೯೬ರಲ್ಲಿ ಶಂಕರಪುರಂನ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಯಜಮಾನರ ಡೆಂಟಲ್ ಕ್ಲಿನಿಕ್. ಚೀಟಿ ಬರೆಯುವುದು, ಇಕ್ಕಳಗಳನ್ನು ಕುದಿಸಿಡುವುದು ನನ್ನ ಪಾಲಿಗೆ. ತಿಂಗಳಿಗೊಂದು ಭಾನುವಾರ ಮಾಗಡಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಚಿತ ಶಿಬಿರ ನಡೆಸುತ್ತಿದ್ದೆವು. ಕೆಳಗಿನ ಹಲ್ಲು ಕೀಳಿಸಿಕೊಳ್ಳಲು ಜನ ಸಾಲು ನಿಲ್ಲುತ್ತಿದ್ದರು. ಮೇಲಿನದೆಂದರೆ ಎದ್ದು ಹೋಗುತ್ತಿದ್ದರು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ನಂಬಿಕೆ.

ಆ ಜೂನ್‌ನ ಶಿಬಿರಕ್ಕೆ ರತ್ನಮ್ಮ ಬಂದಳು. ಇಪ್ಪತ್ತೈದರ ಹೆಂಗಸು, ರೇಷ್ಮೆಹುಳು ಸಾಕುವ ಮನೆಯವಳು. ಮೇಲಿನ ಎಡ ದವಡೆಹಲ್ಲು ಬೇರಿನವರೆಗೆ ಹುಳುಕಾಗಿತ್ತು. ನೋವಿಗೆಂದು ಒತ್ತಿಕೊಂಡಿದ್ದ ಹೊಗೆಸೊಪ್ಪಿನ ವಾಸನೆ. ಕೀಳಲೇಬೇಕು ಎಂದರು ಇವರು. ರತ್ನಮ್ಮ ಅತ್ತೆಯ ಮುಖ ನೋಡಿದಳು.

ಅತ್ತೆ ಬಾಗಿಲ ಹತ್ತಿರ ಕೂತು ಮೊಮ್ಮಗಳ ತಲೆಯಲ್ಲಿ ಸೀರು ಹೆಕ್ಕುತ್ತಿದ್ದರು.

"ಕಣ್ಣು ಹೋದ್ರೆ ನೀವ್ ತಂದ್ಕೊಡ್ತೀರೇನವ್ವ? ಬ್ಯಾಡ."

ಆಕೆಯ ಬಾಯಲ್ಲಿ ಮೇಲಿನ ಒಂದು ಹಲ್ಲೂ ಇರಲಿಲ್ಲ. ಕಣ್ಣು ಮಾತ್ರ ಸೀರನ್ನೂ ಬಿಡುತ್ತಿರಲಿಲ್ಲ. ಅದನ್ನೇ ಮೆಲ್ಲಗೆ ಹೇಳಿದೆ.

"ಅವು ತಾವೇ ಉದುರಿದ್ವು ಕಣವ್ವ. ಯಾರೂ ಕೀಳ್ಲಿಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಇನ್ನಷ್ಟು ಹೊತ್ತು ಆಕೆಯ ಪಕ್ಕ ಕೂತು ಮಾತಾಡಬಹುದಿತ್ತು. ಆದರೆ ನಮ್ಮನ್ನು ಕರೆತಂದಿದ್ದ ವ್ಯಾನಿನವನು ಹೊರಡೋಣ ಅನ್ನುತ್ತಿದ್ದ. ಮಾತ್ರೆ ಕೊಟ್ಟು, ಮುಂದಿನ ತಿಂಗಳು ನೋಡೋಣವೆಂದು ಚೀಟಿ ಬರೆದೆ.

ಹದಿನೆಂಟನೆಯ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ ಅತ್ತೆ ಸೊಸೆ ಆ ಚೀಟಿ ಹಿಡಿದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ರತ್ನಮ್ಮನ ಕೆನ್ನೆ ಊದಿ ಎಡಗಣ್ಣು ಮುಚ್ಚಿಹೋಗಿತ್ತು, ಮೈ ಸುಡುತ್ತಿತ್ತು. ಹಲ್ಲಿನ ಕೀವು ಕಣ್ಣಿನ ತನಕ ಏರಿದೆ, ತಡಮಾಡಿದರೆ ಕಣ್ಣು ಉಳಿಯುವುದಿಲ್ಲ ಎಂದರು ಇವರು.

"ಕಿತ್ತಾಕ್ಬುಡಿ," ಎಂದು ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹಲ್ಲು ಕಿತ್ತು, ಕೀವು ಹರಿಯಬಿಟ್ಟು, ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಐದನೆಯ ದಿನ ರತ್ನಮ್ಮ ಬಲಗಣ್ಣನ್ನು ಕೈಯಿಂದ ಮುಚ್ಚಿ, ಆ ಕಣ್ಣನ್ನು ಅರ್ಧ ತೆರೆದು, "ನಿಮ್ ಸೀರೆ ಅಂಚು ಹಸ್ರು," ಎಂದಳು.

ಮುಂದಿನ ಶಿಬಿರಕ್ಕೆ ಹೋದರೆ ಸುದ್ದಿ ನಮಗಿಂತ ಮೊದಲೇ ತಲುಪಿತ್ತು: ರತ್ನಮ್ಮ ಮೇಲಿನ ಹಲ್ಲು ಕೀಳಿಸಿಕೊಂಡಳಂತೆ, ಕಣ್ಣು ಊದಿಹೋಯಿತಂತೆ. ಎರಡೂ ನಿಜ, ಹಿಂದುಮುಂದಾಗಿತ್ತು, ಅಷ್ಟೆ. ಮೊದಲು ಊದಿದ್ದು, ಆಮೇಲೆ ಕಿತ್ತಿದ್ದು ಎಂದು ಅತ್ತೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದರು. ಕೇಳಿದವರು ತಲೆಯಾಡಿಸಿ ಮನೆಗೆ ಹೋದರು. ಆ ದಿನ ಮೇಲಿನ ಹಲ್ಲಿಗೆಂದು ಒಬ್ಬರೂ ಬಾಯಿ ತೆರೆಯಲಿಲ್ಲ.

ಆಮೇಲೂ ಏಳು ವರ್ಷ ಹೋದೆವು. ಹಲ್ಲು ಕೀಳಲು ಕೆಲವು ನಿಮಿಷ ಸಾಕು. ಒಪ್ಪಿಸಲು ಬೇಕಾದ ಹೊತ್ತನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರ ಮುಂದಿನ ತಿಂಗಳಿನಿಂದಲೇ ಚೀಟಿ ಬರೆಯುವ ಕೆಲಸವನ್ನು ಶಾಲೆಯ ಮೇಡಂಗೆ ವಹಿಸಿ, ನಾನು ಬಾಗಿಲ ಹತ್ತಿರ, ಅತ್ತೆಯಂದಿರ ಪಕ್ಕ ಚಾಪೆ ಹಾಸಿಕೊಂಡು ಕೂರತೊಡಗಿದೆ.