ಮರ್ಫಿ ಟೌನಿನ ಸಮುದ್ರಕ್ಕೊಂದು ನಲ್ಲಿ

ನಾನು ಜೋಡಿಸಬೇಕಾಗಿದ್ದ ಪ್ಲಾಸ್ಟಿಕ್ ನಲ್ಲಿಯನ್ನು ಜೋಡಿಸಲಿಲ್ಲ. ಜೋಡಿಸಲಿಲ್ಲವೆಂದು ಹೇಳಲೂ ಇಲ್ಲ. ಮೊದಲನೆಯದು ಕೈಯಿಂದಾದ ತಪ್ಪು. ಎರಡನೆಯದು ಬಾಯಿಯಿಂದ ಆಗದೆ ಹೋದ ಕೆಲಸ. ಕೈಯ ತಪ್ಪನ್ನು ಲೋಕ ಬೇಗ ಮರೆಯುತ್ತದೆ. ಇನ್ನೊಂದನ್ನು ಮರೆಯುವುದು ನನ್ನಿಂದಲೇ ಆಗಿಲ್ಲ.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಆಮೇಲೆ ಶಿವಾಜಿನಗರದ ಪೈಪಿನ ಅಂಗಡಿಯೊಂದಕ್ಕೆ ಸೇರಿ, ಇಂದಿರಾನಗರದಲ್ಲಿ ಹೊಸದಾಗಿ ಏಳುತ್ತಿದ್ದ ಮನೆಗಳಿಗೆ ನೀರಿನ ಪೈಪು ಎಳೆಯುವುದನ್ನು ಕಲಿತೆ. ನಮ್ಮ ಕಸುಬಿನವರಿಗೆ ಒಂದು ಚಟವಿದೆ. ಪೈಪಿನ ತುದಿಗೆ ಸಣಬಿನ ನಾರು ಸುತ್ತಿ, ನಲ್ಲಿಯನ್ನು ತಿರುಗಿಸಿ ಕೂರಿಸಿ, ಇನ್ನು ಸಾಕು ಎಂದು ಗೊತ್ತಾದ ಮೇಲೂ ರೆಂಚು ಹಿಡಿದು ಮತ್ತೊಂದು ಎಳೆತ ಎಳೆಯುವುದು. ಹಾಗೆ ಎಳೆಯುವಾಗ ಹಲ್ಲು ಕಚ್ಚಿ ಒಂದು ಸದ್ದು ಮಾಡುವುದೂ ಕೆಲಸದ ಭಾಗವೇ; ನೋಡುತ್ತ ನಿಂತ ಯಜಮಾನರಿಗೆ ಅದರಿಂದ ಧೈರ್ಯ ಬರುತ್ತದೆ. ಕಬ್ಬಿಣ ಈ ಜಂಬವನ್ನೆಲ್ಲ ತಡೆದುಕೊಳ್ಳುತ್ತದೆ. ಎಲ್ಲವೂ ಕಬ್ಬಿಣವಲ್ಲ ಎನ್ನುವುದು ನನಗೆ ತಡವಾಗಿ ತಿಳಿಯಿತು.

ಅಣ್ಣ ನನ್ನ ಹಾಗಲ್ಲ, ಓದಿದವನು. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಬರೆಯುವ ಕೆಲಸ. ಮದುವೆಯಾದ ಹೊಸದರಲ್ಲಿ ಮದ್ರಾಸಿಗೆ, ಮಾವನ ಮನೆಗೆ ಹೋದವನು, ಅಲ್ಲಿ ಯಾರೋ ಮನೆಯೊಳಗೆ ಗಾಜಿನ ಹಿಂದೆ ಸಮುದ್ರದ ಜೀವಗಳನ್ನು ಸಾಕಿದ್ದನ್ನು ನೋಡಿ ಬಂದ. ಬರೀ ಮೀನಲ್ಲ, ಜೀವವಿರುವ ಹವಳದ ಕಲ್ಲು, ಹೂವಿನ ಹಾಗೆ ಅರಳಿ ಮುಚ್ಚುವ, ಕಡಲಹೂ ಎನ್ನುವ ಪ್ರಾಣಿ. ಬಂದವನು ಬ್ಯಾಗು ಇಳಿಸುವ ಮೊದಲೇ, ಮರ್ಫಿ ಟೌನಿನ ನಮ್ಮ ಮನೆಯಲ್ಲೂ ಅಂಥದ್ದೊಂದು ಆಗಬೇಕು ಎಂದ. ಕುಡಿಯುವ ನೀರಿಗೇ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು ಹಚ್ಚಿ ಜಗಳವಾಡುತ್ತಿದ್ದ ಬೀದಿ ಅದು. ಅಲ್ಲಿಗೆ ಸಮುದ್ರ ತರಿಸುವ ಯೋಚನೆ.

ನಡುಮನೆಯ ಕೆಂಪು ನೆಲದ ಮೇಲೆ ಅವನು ಸೀಮೆಸುಣ್ಣದಲ್ಲಿ ನಕ್ಷೆ ಬರೆದ. ಅತ್ತಿಗೆ ಅದನ್ನು ಬಳಸಿಕೊಂಡು ಓಡಾಡುತ್ತ, “ಸೀನ, ನಿಮ್ಮಣ್ಣ ರಂಗೋಲಿ ಹಾಕಿದಾರೆ, ತುಳಿದ್ರೆ ಪಾಪ ಬರತ್ತೆ ನೋಡ್ಕೋ” ಎನ್ನುತ್ತಿದ್ದರು. ನಕ್ಷೆಯಲ್ಲಿ ಒಂದು ಸಿಮೆಂಟಿನ ತೊಟ್ಟಿ, ಮುಂದುಗಡೆ ಮಾತ್ರ ದಪ್ಪ ಗಾಜು. ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ಒಂದು ಪಿಂಗಾಣಿ ಜಾಡಿ, ಅದರೊಳಗೆ ಮರಳು, ಚಿಪ್ಪಿನ ಚೂರು. ತೊಟ್ಟಿಯಿಂದ ಜಾಡಿಗೆ ಒಂದು ಪೈಪು, ನಡುವೆ ನಲ್ಲಿ. ಜಾಡಿಯಲ್ಲಿ ಸೋಸಿದ ನೀರು ಇನ್ನೊಂದು ಪೈಪಿನಲ್ಲಿ ಗಾಳಿಯ ಗುಳ್ಳೆಗಳ ಜೊತೆ ಮೇಲೆದ್ದು ಮತ್ತೆ ತೊಟ್ಟಿಗೆ ಬೀಳಬೇಕು. ಗಾಳಿ ಊದಲು ಒಂದು ಪುಟ್ಟ ಕರೆಂಟ್ ಪಂಪು. ಅಣ್ಣ ಪಂಪನ್ನು ನೆಲಕ್ಕಿಟ್ಟು ಬರೆದಿದ್ದ. ಕರೆಂಟು ಹೋದರೆ ನೀರು ಗಾಳಿಯ ಟ್ಯೂಬಿನಲ್ಲೇ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ. ಡ್ರಮ್ಮಿನಿಂದ ಟ್ಯೂಬ್ ಹಾಕಿ ಸೀಮೆಎಣ್ಣೆ ಎಳೆದವರಿಗೆಲ್ಲ ಇದು ಗೊತ್ತು. ಪಂಪು ನೀರಿಗಿಂತ ಮೇಲಿರಲಿ ಎಂದು ನಾನೆಂದೆ. ಅಂದಿನಿಂದ ಅಣ್ಣ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ “ನಮ್ಮ ಇಂಜಿನಿಯರ್ರು” ಎನ್ನತೊಡಗಿದ. ಆ ಹೆಸರು ನನ್ನ ತಲೆಗೆ ಚೆನ್ನಾಗಿಯೇ ಏರಿತು. ಮನೆಯಲ್ಲಿ ನನ್ನ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಅಣ್ಣನದು ಒಂದೇ ಕಟ್ಟಪ್ಪಣೆ: ನೀರಿಗೆ ಲೋಹ ಸೋಕಕೂಡದು. ಪೈಪು ಪ್ಲಾಸ್ಟಿಕ್ಕು, ಜಾಡಿ ಪಿಂಗಾಣಿ, ನಲ್ಲಿಯೂ ಪ್ಲಾಸ್ಟಿಕ್ಕು. ಆಗ ಅಂಥ ನಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಊರೆಲ್ಲ ಅಲೆದು ಒಂದನ್ನು ಹುಡುಕಿ ತಂದು, ದೇವರ ಪ್ರಸಾದದ ಹಾಗೆ ನನ್ನ ಕೈಗಿಟ್ಟ. ನಾನು ಮನಸ್ಸಿನಲ್ಲೇ ನಕ್ಕೆ. ನಮ್ಮ ಜನ ತಾಮ್ರದ ಚೊಂಬಿನಲ್ಲಿ ತೀರ್ಥ ಇಡುತ್ತಾರೆ, ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ ನೀರು ತುಂಬುತ್ತಾರೆ. ಮನುಷ್ಯರಿಗೆ ಆಗಿಬರುವುದು ಮೀನಿಗೆ ಆಗದೇ ಇರುತ್ತದೆಯೇ ಎಂದುಕೊಂಡೆ.

ನೀರು ಬರುವ ದಿನ ಬಂತು. ಅತ್ತಿಗೆಯ ತಂದೆ, ಮದ್ರಾಸಿನ ಬಂದರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಸಮುದ್ರದ ನೀರನ್ನೂ ಜೀವಗಳನ್ನೂ ರೈಲಿನಲ್ಲಿ ತರುತ್ತಿದ್ದರು. ಅವರನ್ನು ನಾನೂ ಮಾವ ಎಂದೇ ಕರೆಯುತ್ತಿದ್ದೆ. ಅಣ್ಣ ಅವರನ್ನು ಕರೆತರಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೊರಟ. ನಾನು ಕೊನೆಯದಾಗಿ ನಲ್ಲಿ ಕೂರಿಸಿದೆ. ಕೂತಿತು. ಕೈ ಕೇಳಲಿಲ್ಲ, ರೆಂಚು ಹಾಕಿ ಮತ್ತೊಂದು ಎಳೆತ ಎಳೆದೆ. ಪಟ್ ಎಂದು ಸೀಳಿತು.

ರೈಲು ಬರುವ ಹೊತ್ತಾಗಿತ್ತು. ಡಬ್ಬದೊಳಗಿನ ಜೀವಗಳು ಕಾಯುವಂತಿರಲಿಲ್ಲ. ನನ್ನ ಚೀಲದಲ್ಲಿ ಹಿತ್ತಾಳೆಯ ನಲ್ಲಿಯೊಂದಿತ್ತು. ಅದನ್ನೇ ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನನ್ನು ದಡ್ಡ ಎನ್ನಬಹುದಿತ್ತು. ನಾನು ಅದಕ್ಕೆ ಕರಿ ಬಣ್ಣ ಬಳಿದೆ, ಪ್ಲಾಸ್ಟಿಕ್ಕಿನಂತೆ ಕಾಣಲಿ ಎಂದು.

ಮಾವ ಬಂದಿಳಿದರು. ದಾರಿಯುದ್ದಕ್ಕೂ ಮೋಟಾರಿನ ಹಾರ್ನಿನ ರಬ್ಬರು ಬುರುಡೆ ಒತ್ತುತ್ತ ಡಬ್ಬಗಳಿಗೆ ಗಾಳಿ ಕೊಟ್ಟಿದ್ದರು. ಕೈ ಊದಿಕೊಂಡಿತ್ತು, ಕಾಫಿ ಲೋಟ ಹಿಡಿಯಲು ಬೆರಳು ಮಡಿಸಲಾಗುತ್ತಿರಲಿಲ್ಲ. ನೀರು ತುಂಬಿ, ಪಂಪು ಗುನುಗಿ, ಕಡಲಹೂ ಅರಳಿದಾಗ ಅದರ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಮೀನೊಂದು ತೂರಿ ಕೂತಿತು. ನೋಡಲು ಬಂದ ಬೀದಿಯವರು, ಮೀನು ಸಾರಿಗೆ ಬೀಳುವುದು ಯಾವಾಗ ಎಂದು ಕೇಳಿದರು. ಅಣ್ಣ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ.

ಕೆಲವೇ ದಿನಗಳಲ್ಲಿ ಕಡಲಹೂ ಮುದುಡಿತು. ಆಮೇಲೆ ಅರಳಲಿಲ್ಲ. ಹವಳ ಬಿಳಿಚಿತು. ಸಿಗಡಿಗಳು ಮಗ್ಗುಲಾಗಿ ಬಿದ್ದವು. ಅಣ್ಣ ನಕ್ಷೆಯನ್ನು ಮತ್ತೆ ಮತ್ತೆ ನೋಡಿದ, ಪಂಪು ಬಿಚ್ಚಿದ, ಪೈಪು ಮೂಸಿದ. ಕಡೆಗೆ ನೀರಿನದೇ ದೋಷ ಎಂದ. “ಬಂದರಲ್ಲಿ ಇದ್ದೋರಲ್ವಾ ನಿಮ್ಮಪ್ಪ. ದೂರ ಹೋಗೋಕೆ ಬೇಜಾರಾಗಿ ಅಲ್ಲೇ ಹಡಗಿನ ಎಣ್ಣೆ ಬೆರೆತ ನೀರು ತುಂಬಿಸ್ಕೊಂಡಿದಾರೆ.”

“ನಮ್ಮಪ್ಪ ಹಾಗ್ ಮಾಡೋರಲ್ಲ” ಎಂದರು ಅತ್ತಿಗೆ.

“ಹಾಗಾದ್ರೆ ಸತ್ತಿದ್ದು ಯಾಕೆ? ನೀನೇ ಹೇಳು.”

ಅತ್ತಿಗೆ ಏನು ಹೇಳಿಯಾರು. ಹೇಳಬೇಕಾದವನು ಬಾಗಿಲಿಗೆ ಒರಗಿ ನಿಂತಿದ್ದೆ. ಆದರೆ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಮಾರನೆಯ ದಿನ. ಅತ್ತಿಗೆ ಹಿತ್ತಾಳೆ ಪಾತ್ರೆಯ ಹುಳಿಸಾರನ್ನು ಮೋರಿಗೆ ಸುರಿಯುತ್ತಿದ್ದರು. ಒಳಗಿನ ತವರದ ಕಲಾಯಿ ಹೋಗಿದೆ, ಕಿಲುಬು ಹಿಡಿದ ಸಾರು ಉಂಡರೆ ಯಾರಾದರೂ ಹಾಸಿಗೆ ಹಿಡಿಯುತ್ತಾರೆ, ಕಲಾಯಿಯವನು ಬಂದರೆ ಕೂಗು ಎಂದರು. ನನಗೆ ಬಣ್ಣ ಬಳಿದ ನಲ್ಲಿ ನೆನಪಾಯಿತು. ಹಿತ್ತಾಳೆ ಒಳ್ಳೆಯದು ಎನ್ನುವುದರ ಜೊತೆಗೇ, ಕಲಾಯಿಯಿಲ್ಲದ ಹಿತ್ತಾಳೆ ವಿಷ ಎನ್ನುವುದೂ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ನಾನು ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ನಲ್ಲಿ ಬಿಚ್ಚಿ ನೋಡಿದೆ. ಒಳಗೆ ಹಸಿರು ಕಟ್ಟಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು, ಪೈಪಿಗೆ ಮರದ ಬೆಣೆ ಹೊಡೆದು, ನಲ್ಲಿ ಸೋರುತ್ತಿತ್ತು ಬಿಸಾಡಿದೆ ಎಂದೆ. ಎಲ್ಲ ಸತ್ತ ಮೇಲೆ ನಲ್ಲಿಯ ಗೊಡವೆ ಯಾರಿಗೆ ಬೇಕಿತ್ತು.

ಸುದ್ದಿ ಕೇಳಿ ಮಾವ ಓಡಿಬಂದರು, ಜೊತೆಗೆ ಮತ್ತೊಂದು ಡಬ್ಬ ನೀರು ಹೊತ್ತು. ಅಣ್ಣ ಡಬ್ಬ ಇಳಿಸಲೂ ಬಿಡದೆ ಕೇಳಿದ: “ಹೋದ್ಸಲದ ನೀರು ಎಲ್ಲಿ ತುಂಬ್ಸಿದ್ರಿ? ನಿಜ ಹೇಳಿ.”

ನಿಜ ಹೇಳಿ ಎನ್ನುವ ಎರಡು ಮಾತು ಆ ಹಿರಿಯರ ಮುಖದ ಮೇಲೆ ಮಾಡಿದ್ದನ್ನು ನಾನು ನೋಡಿದೆ. ಅತ್ತಿಗೆ ತಂದ ಕಾಫಿಯನ್ನೂ ಮುಟ್ಟದೆ ಹೊರಟುಹೋದರು. ನಾನು ‘ಇಂಜಿನಿಯರ್ರು’ ಆಗಿಯೇ ಉಳಿದೆ.

ಆಮೇಲೆ ಆ ಮನೆಗೂ ಈ ಮನೆಗೂ ಹೋಗಿಬರುವುದು ನಿಂತಿತು. ಅತ್ತಿಗೆ ಹೆರಿಗೆಗೆ ಮದ್ರಾಸಿಗೆ ಹೋದರು, ಗಂಡು ಮಗುವಾಯಿತು. ಅಣ್ಣ ನಾಮಕರಣಕ್ಕೂ ಹೋಗಲಿಲ್ಲ. ಅತ್ತಿಗೆಯನ್ನೂ ಮಗುವನ್ನೂ ಕರೆತರಲು ನನ್ನನ್ನು ಕಳಿಸಿದ.

ಟ್ರಿಪ್ಲಿಕೇನಿನ ಮಾವನ ಮನೆಯಲ್ಲಿ ನನಗೆ ಭಾರಿ ಉಪಚಾರವಾಯಿತು; ಬಡಿಸಿದ್ದನ್ನೆಲ್ಲ ಎಲೆಯಲ್ಲೇ ಬಿಟ್ಟೆ. ಮಾವ ನನ್ನನ್ನು ಸಮುದ್ರಕ್ಕೆ ಕರೆದೊಯ್ದರು. ಬಂದರಿನಿಂದ ಬಹಳ ದೂರ, ಮೀನುಗಾರರ ಕಟ್ಟುಮರದ ತೆಪ್ಪ ಹತ್ತಿ ಅಲೆಗಳಾಚೆ ಹೋಗಿ ತಾವು ನೀರು ತುಂಬಿದ್ದ ಜಾಗವನ್ನು ದಡದಿಂದಲೇ ಬೆರಳು ಚಾಚಿ ತೋರಿಸಿದರು. ಆಮೇಲೆ ತಾವೇ ತಲೆಯಾಡಿಸಿ ಹೇಳಿದರು: “ಅಲ್ಲೇ ತುಂಬ್ಸಿದ್ದು ಸೀನ. ಆದ್ರೂ ನನ್ ಡಬ್ಬದಲ್ಲೇ ಏನೋ ಇತ್ತೇನೋ. ಮಾಪ್ಳೆ ಓದಿದೋರು, ಸುಮ್ನೆ ಹೇಳ್ತಾರಾ? ನಾನೇ ಬಂದು ತಪ್ಪಾಯ್ತು ಅಂದ್ಬಿಡ್ತೀನಿ. ಮಗು ಮುಖ ನೋಡಿ ಬಿಟ್ಬಿಡ್ಲಿ.”

ಅಳಿಯನನ್ನು ಅವರು ತಮಿಳಿನ ರೂಢಿಯಂತೆ ಮಾಪ್ಳೆ ಎನ್ನುತ್ತಿದ್ದರು. ಮಾಡದ ತಪ್ಪನ್ನು ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಹೊತ್ತುಕೊಳ್ಳಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ಅಲೆಗಳ ಸದ್ದು ಜಾಸ್ತಿ, ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಹೇಡಿಗೆ ಸಮುದ್ರವೂ ಒಂದು ನೆಪವೇ.

ಮಾವ ನಮ್ಮ ಜೊತೆಗೇ ರೈಲು ಹತ್ತಿದರು. ನಾನು ಕಿಟಕಿಗೆ ಮುಖ ಮಾಡಿ ಮಾತು ಜೋಡಿಸಿದೆ. ಜೋಲಾರಪೇಟೆಯ ಹೊತ್ತಿಗೆ ದೊಡ್ಡ ಭಾಷಣವೇ ಸಿದ್ಧವಾಗಿತ್ತು. ಅದರಲ್ಲಿ ರೈಲಿನ ಹೊತ್ತು, ಪ್ಲಾಸ್ಟಿಕ್ಕಿನ ದೋಷ, ಅಂಗಡಿಯವನ ಮೋಸ, ಎಲ್ಲ ಇದ್ದವು. ಬಂಗಾರಪೇಟೆ ದಾಟುವಾಗ ಅಂಗಡಿಯವನನ್ನು ಕೈಬಿಟ್ಟೆ. ಕೆ.ಆರ್. ಪುರದಲ್ಲಿ ಪ್ಲಾಸ್ಟಿಕ್ಕನ್ನೂ ಬಿಟ್ಟೆ. ಬೈಯಪ್ಪನಹಳ್ಳಿ ದಾಟಿದಾಗ ನನ್ನ ಬಳಿ ಉಳಿದದ್ದು ನಾನೊಬ್ಬನೇ. ಅತ್ತಿಗೆಯ ಮಡಿಲಲ್ಲಿ ಮಗು ಏನೂ ತಿಳಿಯದೆ ನಿದ್ದೆ ಮಾಡುತ್ತಿತ್ತು.

ಕಂಟೋನ್ಮೆಂಟ್ ಪ್ಲಾಟ್‌ಫಾರ್ಮಿನಲ್ಲಿ ಅಣ್ಣ ನಿಂತಿದ್ದ. ಮಗುವಿಗೆ ಕೈ ಚಾಚಿದವನು, ಹಿಂದೆ ಇಳಿದ ಮಾವನನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ. ಮಾವ ಚೀಲವನ್ನು ನೆಲಕ್ಕಿಟ್ಟು, ಮಗನ ವಯಸ್ಸಿನವನ ಮುಂದೆ ಎರಡೂ ಕೈ ಜೋಡಿಸಿದರು. “ಮಾಪ್ಳೆ, ನೀರಿನ ವಿಷಯದಲ್ಲಿ ನನ್ನಿಂದ...”

ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ.

“ಅಣ್ಣ, ನೀರಲ್ಲಿ ಏನೂ ಇರ್ಲಿಲ್ಲ. ನೀನು ತಂದ್ಕೊಟ್ಟ ನಲ್ಲಿ ನಾನು ಒಡೆದ್ಹಾಕ್ದೆ. ಹಿತ್ತಾಳೇದು ಹಾಕಿ ಕರೀ ಬಣ್ಣ ಬಳ್ದೆ. ಅದರ ಕಿಲುಬಿಗೇ ಎಲ್ಲ ಸತ್ತಿದ್ದು. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ.”

ಕೂಲಿಗಳು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಹೇಳಬೇಕಾದದ್ದು ಇನ್ನೂ ಮುಗಿದಿರಲಿಲ್ಲ, ಅದು ಅಣ್ಣನಿಗೆ ಹೇಳುವಂಥದ್ದೂ ಅಲ್ಲ. ಹಿಡಿದ ಕೈಗಳನ್ನು ಬಿಡದೆಯೇ ತಿರುಗಿದೆ.

“ಮಾವ, ಅವನು ನಿಮ್ಮನ್ನ ನಿಜ ಹೇಳಿ ಅಂದಾಗ ನಾನು ಅಲ್ಲೇ ನಿಂತಿದ್ದೆ. ನಿಜ ಹೇಳ್ಬೇಕಾಗಿದ್ದೋನು ನಾನು. ತಪ್ಪಾಯ್ತು. ನನ್ನ ಕ್ಷಮಿಸ್ಬಿಡಿ.”