ವಂದನಾರ್ಪಣೆಯ ಹಾಳೆ

ಬ್ಯಾಡ್ಜಿಗೆ ಒಂದು ವಾಸನೆ ಇದೆ. ನೀವು ಗಮನಿಸಿದ್ದೀರೋ ಇಲ್ಲವೋ, ಮಿರುಗುವ ರಿಬ್ಬನ್ನನ್ನು ಹೂವಿನಂತೆ ಮಡಿಸಿ, ನಡುವೆ ‘ಅತಿಥಿಗಳು’ ಎಂಬ ಚೀಟಿ ಅಂಟಿಸಿರುತ್ತಾರಲ್ಲ, ಅದಕ್ಕೆ ಹಸಿ ಗೋಂದಿನ ವಾಸನೆ. ಮೊನ್ನೆ ಟಿ. ನರಸೀಪುರದ ಕಾಲೇಜೊಂದರಲ್ಲಿ ಹುಡುಗಿಯೊಬ್ಬಳು ಅದನ್ನು ನನ್ನ ಅಂಗಿಗೆ ಸಿಕ್ಕಿಸುವಾಗ ಪಿನ್ನು ಎದೆಗೂ ಚುಚ್ಚಿತು. “ನೋವಾಯ್ತಾ ಸಾ?” ಅಂದಳು. “ಇಲ್ಲ ಕಣಮ್ಮ, ಅಭ್ಯಾಸ ಇದೆ” ಅಂದೆ.

ಅಭ್ಯಾಸ ಇರುವುದು ನಿಜ. ನಂಜನಗೂಡಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಹದಿನೆಂಟು ವರ್ಷ ವಿದ್ಯಾರ್ಥಿ ಸಂಘದ ಸಲಹೆಗಾರನೂ ಆಗಿದ್ದೆ. ಬೇರೆ ಯಾರೂ ಒಪ್ಪದ ಕೆಲಸಗಳೆಲ್ಲ ಕೊನೆಗೆ ಕನ್ನಡ ಮೇಷ್ಟ್ರ ತಲೆಗೇ ಬರುತ್ತವೆ. ಸಂಘದ ಮಕ್ಕಳಿಗೆ ನಾಯಕತ್ವ ಕಲಿಸುವುದೂ ಹಾಗೇ ಬಂತು. ನಿವೃತ್ತಿಯಾದ ಮೇಲಾದರೂ ಬಿಟ್ಟೀತು ಅಂದುಕೊಂಡಿದ್ದೆ. ಈಗ ‘ತರಬೇತಿ’ ಅಂತ ಕರೆಸುತ್ತಾರೆ. ಒಲ್ಲೆ ಅನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದಿಲ್ಲದೆ ಬಸ್ಸು ಹತ್ತುತ್ತೇನೆ.

ನಮ್ಮಲ್ಲಿ ನಾಯಕರು ಹುಟ್ಟುತ್ತಿದ್ದ ರೀತಿಯನ್ನು ಹೇಳಿಬಿಡುತ್ತೇನೆ. ಚುನಾವಣೆ ಇರಲಿಲ್ಲ. ಪ್ರತಿ ತರಗತಿಯಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರು ಪ್ರತಿನಿಧಿ. ಅಂಕಪಟ್ಟಿ ಮುಂದಿಟ್ಟುಕೊಂಡು ಕೂತರೆ ಟೀ ಆರುವುದರೊಳಗೆ ಸಂಘ ತಯಾರು. ಹಾಗಾಗಿ ಮೂರು ವರ್ಷ ಬಾಯಿ ಬಿಡದ ಮಕ್ಕಳು ಅಧ್ಯಕ್ಷರಾಗುತ್ತಿದ್ದರು. ಇಡೀ ಬಸ್ಸನ್ನೇ ಒಂದು ಮಾತಿಗೆ ಇಳಿಸಬಲ್ಲವರು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದರು. ಮುಂದಿನ ಬೆಂಚಿನವರಿಗೆ ನಾನು ‘ನಾಯಕನೆಂದರೆ ಯಾರು?’ ಎಂದು ಪಾಠ ಮಾಡುತ್ತಿದ್ದೆ. ಹದಿನೆಂಟು ವರ್ಷವೂ ಅದೇ ಟಿಪ್ಪಣಿ. ಹರಿಯಬಾರದೆಂದು ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆ.

ಒಗ್ಗಟ್ಟಿನ ಪಾಠಕ್ಕೆ ಒಂದು ಕಟ್ಟು ಕಡ್ಡಿ ಒಯ್ಯುತ್ತಿದ್ದೆ. ಒಂದೊಂದೇ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯುವುದಿಲ್ಲ, ಗೊತ್ತಲ್ಲ. ಒಂದು ವರ್ಷ ಸುತ್ತೂರಿನ ಕಡೆಯ ಗಟ್ಟಿಮುಟ್ಟು ಹುಡುಗನೊಬ್ಬ ಮೊಣಕಾಲಿಗಿಟ್ಟು ಕಟ್ಟನ್ನೇ ಲಟಕ್ಕನೆ ಮುರಿದು, “ಮುರೀತು ಸಾ, ಈಗೇನ್ ಮಾಡ್ಲಿ?” ಅಂತ ಬಹಳ ವಿನಯದಿಂದ ಕೇಳಿದ. ನಾನು ಲ್ಯಾಮಿನೇಷನ್ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. ನನ್ನದೆಲ್ಲ ಪುಸ್ತಕದ ಬದನೆಕಾಯಿ.

ಆದರೆ ಇವತ್ತು ನನಗೆ ನೆನಪಾಗಿ ಕಾಡುವುದು ಭಾಗ್ಯ. ಹದಿನಾರು ಎಂಬ ಊರಿನಿಂದ ಆಚೆ, ಒಳಗಿನ ಹಳ್ಳಿಯವಳು. ಎರಡನೆಯ ಬಿ.ಎ.ಯಲ್ಲಿ ಹೆಚ್ಚು ಅಂಕ ಬಂದು ಕಾರ್ಯದರ್ಶಿಯಾದಳು. ಕಾರ್ಯದರ್ಶಿ ಹುಡುಗಿಯಾದರೆ ವಂದನಾರ್ಪಣೆ ಅವಳದೇ, ಇದು ನಮ್ಮ ಕಾಲೇಜಿನ ಬರೆಯದ ಕಾನೂನು. ಇನ್ನೊಂದು ಕಾನೂನು ನನ್ನದು. ವೇದಿಕೆಯಲ್ಲಿ ಮಾತಾಡುವ ಪ್ರತಿ ವಿದ್ಯಾರ್ಥಿಯೂ ಹಿಂದಿನ ದಿನ ತನ್ನ ಹಾಳೆಯನ್ನು ನನಗೆ ತೋರಿಸಬೇಕು. ನಾನು ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ‘ನೋಡಿದೆ’ ಎಂದು ಸಹಿ ಹಾಕಬೇಕು.

ಭಾಗ್ಯಳ ಹಾಳೆಯಲ್ಲಿ ತಪ್ಪೇ ಇರಲಿಲ್ಲ. ಶಾಮಿಯಾನದವರಿಗೂ ಮೈಕಿನವರಿಗೂ ವಂದನೆ ಇತ್ತು. ಎಲ್ಲ ಮುಗಿದ ಮೇಲೆ ಒಂದು ಸಾಲು: ‘ನಮ್ಮೂರ ಕಡೆಯ ಬೆಳಗಿನ ಬಸ್ಸು ನಿಂತು ಮೂರು ತಿಂಗಳಾಯಿತು. ಹನ್ನೊಂದು ಹುಡುಗಿಯರು ನಡೆದು ಬರುತ್ತಿದ್ದೇವೆ. ಮಾನ್ಯ ಅತಿಥಿಗಳು ದಯವಿಟ್ಟು ಅದನ್ನು ಮತ್ತೆ ಬಿಡಿಸಿಕೊಡಬೇಕು.’

“ಇದ್ಯಾಕಮ್ಮ ಇಲ್ಲಿ?” ಅಂದೆ.

“ಅವ್ರು ಬಂದಾಗ್ಲೇ ಕೇಳ್ಬೇಕಲ್ವಾ ಸಾ? ಆಮೇಲೆ ನಮ್ಗೆಲ್ಲಿ ಸಿಕ್ತಾರೆ?”

“ವಂದನಾರ್ಪಣೇಲಿ ವಂದನೆ ಮಾತ್ರ ಇರ್ಬೇಕು. ಬೇಡಿಕೆಗೆ ಅರ್ಜಿ ಕೊಡು.”

“ಎರಡ್ ಸಲ ಕೊಟ್ಟಿವ್ನಿ ಸಾ.”

“ಮೂರನೇದು ಕೊಡು” ಅಂದು ಸಾಲಿನ ಮೇಲೆ ಕೆಂಪು ಗೆರೆ ಎಳೆದೆ. ‘ನೋಡಿದೆ’ ಎಂದು ಸಹಿ ಹಾಕಿದೆ.

ಮರುದಿನ ಮುಖ್ಯ ಅತಿಥಿಗಳು ಅಪರೂಪಕ್ಕೆ ಕೊನೆಯವರೆಗೂ ಕೂತಿದ್ದರು. ಸರ್ಕಾರದಲ್ಲಿ ಅವರ ಮಾತು ನಡೆಯುತ್ತಿತ್ತು, ಮನಸ್ಸು ಮಾಡಿದರೆ ಬಸ್ಸೇನು, ಏನು ಬೇಕಾದರೂ ಬರುತ್ತಿತ್ತು. ಭಾಗ್ಯ ಓದುತ್ತಾ ಕೆಂಪು ಗೆರೆಯ ಹತ್ತಿರ ಬಂದು ನಿಂತಳು. ನನ್ನ ಕಡೆ ನೋಡಿದಳು. ನಾನು ಸಣ್ಣಗೆ ತಲೆಯಾಡಿಸಿದೆ, ಬೇಡ ಎಂದು. “ಎಲ್ಲರಿಗೂ ವಂದನೆಗಳು” ಅಂತ ಮುಗಿಸಿ ಇಳಿದಳು. ಚಪ್ಪಾಳೆ ಬಿತ್ತು. ಮಕ್ಕಳ ಶಿಸ್ತು ನೋಡಿ ಸಂತೋಷವಾಯಿತು ಎಂದು ಅತಿಥಿಗಳು ನನ್ನ ಬೆನ್ನು ತಟ್ಟಿದರು.

ಯುಗಾದಿ ಹೊತ್ತಿಗೆ ಆ ಹನ್ನೊಂದರಲ್ಲಿ ನಾಲ್ವರು ಕಾಲೇಜು ಬಿಟ್ಟರು. ಹಾಲ್ ಟಿಕೆಟ್ ಕೊಡುವ ದಿನ ಒಂದು ಹೆಸರು ಕೂಗಿ ಕೂಗಿ ಸಾಕಾಗಿ ಭಾಗ್ಯಳನ್ನು ಕೇಳಿದೆ. “ಅವ್ಳು ನನ್ ಚಿಕ್ಕಪ್ಪನ್ ಮಗ್ಳು ಸಾ. ಅಷ್ಟು ದೂರ ನಡ್ಕೊಂಡು ಓಗಾದ್ ಬ್ಯಾಡ ಅಂದ್ರು ಅವ್ರಪ್ಪ” ಅಂದಳು. ದೂರಿನ ದನಿಯೇ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷ ಅವಳಿಗೆ ‘ಉತ್ತಮ ನಾಯಕಿ’ ಪ್ರಮಾಣಪತ್ರ ಕೊಟ್ಟೆವು. ಅದರ ಮೇಲೂ ನನ್ನದೇ ಸಹಿ.

ಮೊನ್ನೆ ನರಸೀಪುರಕ್ಕೆ ನನ್ನನ್ನು ಕರೆಸಿದವಳು ಇದೇ ಭಾಗ್ಯ. ಈಗ ಅಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಪಾಡು. ಜೊತೆಗೆ ವಿದ್ಯಾರ್ಥಿ ಸಂಘದ ಸಲಹೆಗಾರ್ತಿ, ಅವಳೂ ಕನ್ನಡ ಮೇಷ್ಟ್ರು ತಾನೆ. ನನ್ನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಕಾಫಿ ತರಿಸಿದಳು. ಉದ್ಘಾಟನೆಯ ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ. ಬ್ಯಾಡ್ಜು ಚುಚ್ಚಿದ ಹುಡುಗಿಯೇ ಒಂದು ಹಾಳೆ ಹಿಡಿದು ಅವಳ ಮುಂದೆ ನಿಂತಳು. ವಂದನಾರ್ಪಣೆ. ಭಾಗ್ಯ ಓದುತ್ತಾ ಓದುತ್ತಾ ನಿಲ್ಲಿಸಿ, “ಇದ್ಯಾಕಮ್ಮ ಇಲ್ಲಿ?” ಅಂದಳು.

ನಾನು ಕಾಫಿ ಲೋಟ ಕೆಳಗಿಟ್ಟೆ.

“ನಮ್ ಶೌಚಾಲಯಕ್ಕೆ ಬೀಗ ಆಕಿ ಒಂದ್ ವರ್ಷ ಆಯ್ತು ಮಿಸ್. ಬಂದೋರ್ನ ಕೇಳಾವ ಅಂತ.”

“ವಂದನಾರ್ಪಣೇಲಿ ವಂದನೆ ಮಾತ್ರ” ಎಂದು ಭಾಗ್ಯ ಕೆಂಪು ಪೆನ್ನಿನ ಕ್ಯಾಪು ತೆಗೆದಳು. ನನ್ನ ಕಡೆ ತಿರುಗಿ ನಕ್ಕಳು. “ಅಲ್ವಾ ಸರ್? ನೀವೇ ಕಲಿಸಿದ್ದು.”

ನಾನು ಹದಿನೆಂಟು ವರ್ಷ ಕಲಿಸಿದ್ದರಲ್ಲಿ ಒಂದಾದರೂ ಗಟ್ಟಿಯಾಗಿ ನಿಂತಿದೆ ಎಂದು ಗೊತ್ತಾದದ್ದು ಆಗ. ನಾಚಿಕೆಯಾಯಿತು. ‘ಆ ಸಾಲು ಹೊಡೆದುಹಾಕಬೇಡ’ ಎನ್ನುವುದು ಸುಲಭ, ಪಿಂಚಣಿ ಬರುವವನಿಗೆ ಏನು ಭಯ? ಕೆಲಸ ಹೋದರೆ ಹೋಗುವುದು ಅವಳದು. ಹಾಗಾಗಿ ನಾನು ಅವಳಿಗೆ ಬುದ್ಧಿ ಹೇಳಲಿಲ್ಲ. ಅಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ಹೇಳಿದೆ.

“ಅವತ್ತು ನಿನ್ನ ಸಾಲು ಹೊಡೆದುಹಾಕಿದ್ದು ವಂದನಾರ್ಪಣೆ ಕೆಡುತ್ತೆ ಅಂತ ಅಲ್ಲ ಭಾಗ್ಯ. ನನ್ನದೂ ಒಂದು ಅರ್ಜಿ ಆ ಅತಿಥಿಗಳ ಹತ್ರ ಇತ್ತು. ಮೈಸೂರಿಗೆ ವರ್ಗ ಬೇಕಿತ್ತು. ನಡುವೆ ನಿಮ್ಮ ಬಸ್ಸು ಬಂದ್ರೆ ಬೇಜಾರು ಮಾಡ್ಕೋತಾರೆ ಅಂತ ಹೆದರಿದೆ.”

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, “ವರ್ಗ ಆಯ್ತಾ ಸಾ?” ಅಂದಳು.

“ಆಯ್ತು, ನೀನು ಓದು ಮುಗಿಸಿ ಹೋದ ಮೇಲೆ.”

“ನಮ್ ಬಸ್ಸು ಬರ್ಲೇ ಇಲ್ಲ” ಅಂದಳು. ಆಗಲೂ ದೂರಿನ ದನಿ ಇರಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಡ್ರಾಯರಿಗೆ ಬಿಟ್ಟಳು. ಹಾಳೆಯನ್ನು ಹುಡುಗಿಯ ಕೈಗೆ ವಾಪಸು ಕೊಟ್ಟಳು.

“ತಗೋ. ವಂದನಾರ್ಪಣೆ ಬೇರೆ ಯಾರಾದ್ರೂ ಮಾಡ್ಲಿ. ನೀನು ಸ್ವಾಗತ ಮಾಡು, ಅದರಲ್ಲೇ ಇದನ್ನ ಓದು. ಮುಖ್ಯ ಅತಿಥಿಗಳು ಕೊನೆವರ್ಗೂ ಕೂತಿರಲ್ಲ.”

ನನ್ನ ಚೀಲದಲ್ಲಿದ್ದ ಲ್ಯಾಮಿನೇಷನ್ ಟಿಪ್ಪಣಿಯನ್ನು ನಾನು ಹೊರಗೆ ತೆಗೆಯಲಿಲ್ಲ. ವೇದಿಕೆ ಹತ್ತುವ ಬದಲು ಅವಳನ್ನು ಕೇಳಿ, ಮಕ್ಕಳ ಹಿಂದೆ ಕಡೆಯ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತೆ.